ಮೂರು ಸಲ ಸತ್ತು ಪಾಸಾದೆ

‘ಇಂವ ಡಿಗ್ರಿ ಮುಗಸಂಗಿಲ್ಲ, ಬೇಕಾದ್ರ ಬರದಿಟ್ಕೋರಿ!’ ಎಂದು ದೇಸೂರಿನ ಕಟ್ಟೆಯ ಮೇಲೆ ಘೋಷಿಸಿದವರು ನನ್ನನ್ನು ಸಾಕಿದ ದೊಡ್ಡಪ್ಪ. ಅವರಿಗೆ ಬರೆಯಲು ಬಾರದು; ಆದ್ದರಿಂದ ಆ ಕೆಲಸವನ್ನು ಊರಿಗೆ ವಹಿಸಿದ್ದರು.

ಅವರದೇನೂ ತಪ್ಪಿಲ್ಲ. ಕುರಿ ಕಾಯುವ ಮನೆಯಿಂದ ಬೆಳಗಾವಿಯ ಕಾಲೇಜಿಗೆ ಹೋದ ಮೊದಲಿಗ ನಾನು. ಹೋದವನು ಓದು ಅರ್ಧಕ್ಕೆ ಬಿಟ್ಟು ನಾಟಕ ಕಂಪನಿ ಸೇರಿದೆ, ಅಲ್ಲಿಂದ ಧಾರಾವಾಹಿಗೆ ಜಿಗಿದೆ. ಅದರಲ್ಲಿ ನಾನು ಶ್ರೀಮಂತರ ಮನೆಯ ಡ್ರೈವರ್. ‘ಕಾರು ರೆಡಿ, ಅಮ್ಮಾವ್ರೇ’ ಎಂಬುದೇ ನನ್ನ ಸಂಭಾಷಣೆ. ಒಂದು ದಿನ ಕಥೆಯಲ್ಲಿ ಆ ಮನೆಯವರು ದಿವಾಳಿಯಾಗಿ ಕಾರು ಮಾರಿದರು. ಕಾರಿನ ಜೊತೆ ನಾನೂ ಹೋದೆ!

ಮರಳಿ ಬಂದು, ತಲೆ ನರೆಯುವ ವಯಸ್ಸಿನಲ್ಲಿ, ಅದೇ ಕಾಲೇಜಿನಲ್ಲಿ ರಂಗಭೂಮಿ ಪದವಿಗೆ ಸೇರಿದೆ. ಕೊನೆಯ ಪರೀಕ್ಷೆ ಎಂದರೆ ಖಾನಾಪುರದ ಸಭಾಭವನದಲ್ಲಿ ಒಂದು ನಾಟಕ. ನಾನು ಸಾಯುವ ರಾಜ. ‘ಸತ್ತ ಮೇಲೆ ರೆಪ್ಪೆ ಅಲುಗಿದರೂ ನಪಾಸು’ ಎಂದು ದೂರದೂರಿಂದ ಬಂದ ಪರೀಕ್ಷಕರು ಮೊದಲೇ ಎಚ್ಚರಿಸಿದ್ದರು. ನನಗೇನು ಭಯ? ಸಾಯುವುದರಲ್ಲಿ ನನಗೆ ಅಪಾರ ಆತ್ಮವಿಶ್ವಾಸ. ಅದೇ ಧೈರ್ಯದಲ್ಲಿ ಮನೆಮಂದಿಯನ್ನೆಲ್ಲ ಕರೆದೆ. ಅವರು ದೇಸೂರಿನಲ್ಲಿ ರೈಲು ಹತ್ತಿ ಬಂದು ಮುಂದಿನ ಸಾಲಿನಲ್ಲೇ ಕುಳಿತರು.

ಒಂದು ವಿಷಯ ಮರೆತಿದ್ದೆ. ನಮ್ಮ ಕಡೆ ಮನೆಯವನೊಬ್ಬ ಬಣ್ಣ ಹಚ್ಚಿದರೆ, ಬಂಧುಗಳು ಆಟದ ನಡುವೆಯೇ ರಂಗಕ್ಕೇರಿ ಬಟ್ಟೆ, ಕಾಯಿ ಕೊಟ್ಟು ಆಯೇರಿ ಮಾಡುತ್ತಾರೆ. ಅಲ್ಲಿಯವರೆಗೆ ನಾಟಕ ಕಾಯಬೇಕು. ಪರೀಕ್ಷಕರಿಗೆ ಆಯೇರಿ ತಿಳಿಯದು, ದೊಡ್ಡಪ್ಪನಿಗೆ ಪರೀಕ್ಷೆ ತಿಳಿಯದು!

ನಾನು ಭವ್ಯವಾಗಿ ಸತ್ತೆ. ರಾಣಿಯ ಪಾತ್ರದ ಸಹಪಾಠಿ ನನ್ನ ಮೇಲೆ ಬಿದ್ದು ಅಳತೊಡಗಿದಳು. ಆಗ ಕೇಳಿಸಿತು, ರಂಗದ ಮೇಲೆ ಚಪ್ಪಲಿಯ ಸಪ್ಪಳ.

‘ಬಾಜೂಕ ಸರಿ ಯವ್ವಾ’ ಎಂದು ರಾಣಿಗೆ ಹೇಳಿ ದೊಡ್ಡಪ್ಪ ಬಾಗಿದರು. ‘ಏಳಲೇ ಮಲ್ಲ್ಯಾ, ಆಯೇರಿ ತಂದೇನಿ.’

ತುಟಿ ಅಲುಗಿಸದೆ ಉಸುರಿದೆ: ‘ದೊಡ್ಡಪ್ಪಾ, ನಾ ಸತ್ತೇನಿ!’

‘ಕಂಡೇನಿ. ಎದ್ದು ಇಸ್ಕೊಂಡು ಮತ್ತ ಸಾಯಿ.’

‘ಪರೀಕ್ಷಾ ಐತಿ…’

ಹಿಂದೆಯೇ ಹತ್ತಿ ಬಂದ ದೊಡ್ಡವ್ವ ಹೇಳಿದಳು: ‘ಇಸ್ಕೊಳ್ಳೋ ಮಗಾ. ಈ ರುಮಾಲ ಆರಸಾಕ ಬೆಳಗಾವಿ ಪ್ಯಾಟಿ ಎಲ್ಲಾ ತಿರಗ್ಯಾರ. ಅಂಗಡಿಯವರು ಕೈ ಮುಗದು ಕಳಿಸ್ಯಾರ!’

ಅರೆಗಣ್ಣು ತೆರೆದೆ. ತಲೆಗೆ ಸುತ್ತುವ ರುಮಾಲನ್ನು ದೊಡ್ಡಪ್ಪ ಎರಡೂ ಕೈಯಲ್ಲಿ ಮುಂದೆ ಚಾಚಿದ್ದರು. ಅಷ್ಟು ಜನರ ಎದುರು ಅವರು ನಿಂತದ್ದೇ ಮೊದಲು. ಆಯೇರಿ ತಿರಸ್ಕರಿಸಿದರೆ ಅವರು ಮುಖ ಎಲ್ಲಿಟ್ಟುಕೊಳ್ಳಬೇಕು? ಒಂದು ಕಡೆ ಪದವಿ, ಒಂದು ಕಡೆ ದೊಡ್ಡಪ್ಪ.

ಮಹಾರಾಜರು ಎದ್ದು ಕುಳಿತರು!

ರುಮಾಲು ಸುತ್ತಿಸಿಕೊಂಡೆ, ಕಾಲಿಗೆ ಬಿದ್ದೆ, ಕಾಯಿಯನ್ನು ವಿಧವೆ ರಾಣಿಯ ಕೈಗೆ ಕೊಟ್ಟು ಮತ್ತೊಮ್ಮೆ ಸತ್ತೆ. ಗಡಿಬಿಡಿಯಲ್ಲಿ ತಲೆಯಿದ್ದ ಕಡೆ ಕಾಲು ಹಾಕಿದ್ದೆ. ರಾಣಿ, ಪಾಪ, ನನ್ನ ಪಾದಗಳಿಗೇ ಮುಖ ಒತ್ತಿ ಅತ್ತಳು. ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಿಂದ ಕೂಗು ಬಂತು: ‘ವನ್ಸ್ ಮೋರ್!’

ನಾಟಕ ಕಂಪನಿಯಲ್ಲಿ ಪಳಗಿದ ದೇಹ; ಅಲ್ಲಿ ಸಭೆ ಕೇಳಿದರೆ ಸತ್ತವನೂ ಎದ್ದು ಮತ್ತೆ ಸಾಯಬೇಕು. ವನ್ಸ್ ಮೋರ್ ಎಂದರೆ ತಾನಾಗಿಯೇ ಏಳುತ್ತದೆ. ಎದ್ದೆ! ಆಗಲೇ ಪರೀಕ್ಷಕರ ಮುಖ ಕಣ್ಣಿಗೆ ಬಿತ್ತು. ಪದವಿ ಹೋಯಿತೆಂದು ಖಾತ್ರಿಯಾಗಿ, ನಿಜಕ್ಕೂ ಎದೆಯೊಡೆದು ಉರುಳಿದೆ.

ಪರದೆ ಬಿದ್ದ ಮೇಲೆ ಪರೀಕ್ಷಕರು ಕರೆದರು. ‘ಮೊದಲ ಎರಡು ಸಾವಿಗೆ ಸೊನ್ನೆ. ಮೂರನೆಯದರಲ್ಲಿ ಮಾತ್ರ ಸಂಕಟ ಕಾಣಿಸಿತು, ರೆಪ್ಪೆಯೂ ಅಲುಗಲಿಲ್ಲ. ಪಾಸು.’

ಕಾಲೇಜಿನವರು ಪದವಿ ಪತ್ರ ಕೈಗಿತ್ತ ದಿನ ದೊಡ್ಡಪ್ಪನೂ ಜೊತೆಗಿದ್ದರು. ‘ಇದರಾಗ ನಿಮ್ಮಪ್ಪನ ಹೆಸರ ಹಾಕ್ಯಾರೇನು?’ ಎಂದರು.

ಹಾಕಿದ್ದರು. ನಮ್ಮ ಕಡೆ ಮಗನ ಹೆಸರಿನ ಮಗ್ಗುಲಲ್ಲೇ ಅಪ್ಪನ ಹೆಸರು. ಶಾಲೆಯ ಬಾಗಿಲು ಕಾಣದೆ, ಸಣ್ಣ ವಯಸ್ಸಿಗೇ ತೀರಿಕೊಂಡ ಯಲ್ಲಪ್ಪ ನನ್ನಪ್ಪ. ತೋರಿಸಿದೆ. ದೊಡ್ಡಪ್ಪ ಆ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿ ಕಣ್ಣೊರೆಸಿಕೊಂಡರು. ಇನ್ನು ನನ್ನ ಬೆನ್ನು ತಟ್ಟುತ್ತಾರೆಂದು ಎದೆಯುಬ್ಬಿಸಿ ನಿಂತೆ.

‘ನನ್ನ ತಮ್ಮ ಪಾಸಾದ ನೋಡು!’ ಎಂದರು. ಆಮೇಲೆ ನನ್ನ ನೆನಪಾಗಿ, ‘ಬಾಜೂಕ ನೀನೂ ಅದಿ. ಇರ್ಲಿ ಬಿಡು.’