ನಾಲ್ಕನೆಯ ಸೊನ್ನೆ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಖಾಲಿ ಡಬ್ಬ.

ಡಬ್ಬ ಅಂದರೆ ಮಳೆ ಮಾಪಕ. ತಗಡಿನ ಕೊಳವೆಯೊಳಗೆ ಒಂದು ಗಾಜಿನ ಸೀಸೆ, ಸೀಸೆಯ ಬಾಯಿಗೊಂದು ಆಲಿಕೆ. ಚಾಮರಾಜನಗರದ ನಿವೃತ್ತ ವಿಜ್ಞಾನ ಮೇಷ್ಟ್ರು ಶಿವರುದ್ರಸ್ವಾಮಿಯವರು ಮಳೆ ವೀಕ್ಷಕರ ಸಂಘ ಅಂತ ಒಂದನ್ನು ಕಟ್ಟಿ, ಐವರು ಸ್ವಯಂಸೇವಕರಿಗೆ ಇಂಥ ಐದು ಡಬ್ಬಗಳನ್ನು ಹಂಚಿದ್ದರು. ಏಪ್ರಿಲ್ ತಿಂಗಳ ನಾಲ್ಕು ಶನಿವಾರ ಗೊತ್ತು ಮಾಡಿದ ಊರಿನಲ್ಲಿ ಡಬ್ಬ ಇಡಬೇಕು. ಸಂಜೆ ಮೋಡ, ಗಾಳಿ, ಮಿಂಚು ನೋಡಿ ಬರೆಯಬೇಕು. ಭಾನುವಾರ ಬೆಳಿಗ್ಗೆ ಎಂಟೂವರೆಗೆ ನೀರು ಅಳೆಯಬೇಕು, ಸೋಮವಾರ ಅದನ್ನು ಒಂದು ಕಾರ್ಡಿನಲ್ಲಿ ಸಂಘದವರಿಗೆಲ್ಲ ತಿಳಿಸಬೇಕು. ಕೊನೆಯ ಭಾನುವಾರ ಸಂಜೆ ಐದೂವರೆ ರೈಲಿಗೆ ಮೇಷ್ಟ್ರು ಐದೂ ಪುಸ್ತಕಗಳನ್ನು ಮೈಸೂರಿಗೆ ಒಯ್ಯುತ್ತಾರೆ. ಪುಸ್ತಕ ನೋಡಿ ಆರಿಸಿದ ಒಬ್ಬನಿಗೆ ಪುಣೆಯಲ್ಲಿ ಆರು ತಿಂಗಳ ಹವಾಮಾನ ತರಬೇತಿ.

ಗುಂಡ್ಲುಪೇಟೆಯ ಸೊಸೈಟಿಯೊಂದರಲ್ಲಿ ಗೊಬ್ಬರದ ಚೀಲಗಳಿಗೆ ಚೀಟಿ ಬರೆಯುತ್ತ ಕೂತಿದ್ದ ಶಿವಸ್ವಾಮಿಗೆ ಆ ಪುಣೆ ಬೇಕಾಗಿತ್ತು, ಕಿಟಕಿಯಿಲ್ಲದ ಕೋಣೆಯಲ್ಲಿದ್ದವನಿಗೆ ಗಾಳಿ ಬೇಕಾಗುವ ಹಾಗೆ. ಆರು ತಿಂಗಳ ರಜೆಯ ಅರ್ಜಿಯನ್ನು ಆಗಲೇ ಬರೆದು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಆದರೆ ಅವನ ಪಾಲಿಗೆ ಬಂದ ಹಂಗಳ ಎಂಬ ಊರಿನ ಮೇಲೆ ಮಳೆಗೆ ಅದೇನು ಮುನಿಸೋ, ಮೂರು ವಾರವೂ ಸೊನ್ನೆ. ಉಳಿದ ನಾಲ್ವರ ಪುಸ್ತಕಗಳಲ್ಲಿ ಹನ್ನೆರಡು, ಹದಿನೆಂಟು, ಇಪ್ಪತ್ತು ಮಿಲಿಮೀಟರ್ ಅಂತ ಮಳೆ ಧೋ ಎಂದು ಸುರಿಯುತ್ತಿತ್ತು.

"ಏನ್ಲಾ ಸೊನ್ನೆಸ್ವಾಮಿ, ಡಬ್ಬದ ಮುಚ್ಚಳ ತಗ್ದಿದ್ದೀಯ ತಾನೇ?" ಎಂದು ಸೊಸೈಟಿಯಲ್ಲಿ ಪಕ್ಕದ ಕುರ್ಚಿಯ ಸೋಮೇಶ ದಿನಕ್ಕೆರಡು ಸಲ ಕೇಳುತ್ತಿದ್ದ.

ನಾಲ್ಕನೆಯ ಶನಿವಾರ ಶಿವಸ್ವಾಮಿ ಸೈಕಲ್ ತುಳಿದು ಹಂಗಳ ಸೇರಿದ. ಎಂದಿನಂತೆ ಅಲ್ಲಿನ ಮುದುಕಿ ಮಹಾಲಕ್ಷ್ಮಮ್ಮನ ಅಂಗಳದಲ್ಲಿ ಡಬ್ಬ ಇಟ್ಟು, ತಾನು ರಾತ್ರಿ ತಂಗುವ ಅವಳ ಜಗಲಿಯ ಮೇಲೆ ಕುಳಿತ. ಗೋಪಾಲಸ್ವಾಮಿ ಬೆಟ್ಟದ ತಲೆಯ ಮೇಲೆ ಮೋಡ ಕಪ್ಪಾಗಿ ಎದ್ದಿತು. ಮಿಂಚಿತು, ಗುಡುಗಿತು, ಗಾಳಿ ಅವನ ಪುಸ್ತಕದ ಹಾಳೆಗಳನ್ನು ತಿರುವಿ ನೋಡಿತು. ಆಮೇಲೆ ಇಡೀ ಮೋಡ, ಹೆಣ್ಣು ಒಪ್ಪಿಗೆಯಾಗದ ಗಂಡಿನ ಕಡೆಯವರ ಹಾಗೆ ತಿಂಡಿ ತಿಂದು ಎದ್ದು, ಕೇರಳದ ಕಡೆ ಹೊರಟುಹೋಯಿತು.

"ಯಾಕ್ ಮಗ ಮಕ ಸಪ್ಪಗ್ ಮಾಡ್ಕಂಡಿದ್ದೀಯ?" ಮಹಾಲಕ್ಷ್ಮಮ್ಮ ಮುದ್ದೆ ತಂದಿಟ್ಟು ಕೇಳಿದಳು.

"ನಾಳೆನೂ ಡಬ್ಬ ಖಾಲಿಯಾದ್ರೆ ನಾನು ಪುಣೆಗೆ ಹೋದಂಗೇ ಕಣಮ್ಮ."

"ಪುಣೆ ಅಂದ್ರೆ ಮೈಸೂರಿಂದಾಚ್ಗಾ?"

"ತುಂಬಾ ಆಚೆಗೆ."

"ಅಷ್ಟು ದೂರದ್ ಕೆಲ್ಸಕ್ಕೆ ಒಂಟವ್ನು ಅಳ್ತಾ ಕೂತ್ಕಬಾರ್ದು. ಉಣ್ಣು. ನಾಳಿಕೆ ನಾನೂವೆ ನಗರಕ್ಕೆ ಬತ್ತೀನಿ, ಟೇಸನ್ ಇಂದ್ಗಡೆನೇ ನನ್ ಮಗಳ ಮನೆ."

ಬೆಳಿಗ್ಗೆ ಶಿವಸ್ವಾಮಿಗೆ ಎಚ್ಚರವಾದಾಗ ಎಂಟೂಕಾಲು. ಗಾಬರಿಯಿಂದ ಎದ್ದು ನೋಡುತ್ತಾನೆ, ಅಂಗಳ ಒದ್ದೆ! ಡಬ್ಬದತ್ತ ಹಾರಿದ. ಸೀಸೆಯಲ್ಲಿ ನೀರು! ಎರಡು ಸಲ ಅಳೆದ. ಮೂವತ್ತೊಂದು ಮಿಲಿಮೀಟರ್. ತಾನು ಹೆಣದ ಹಾಗೆ ಮಲಗಿದ್ದಾಗ ಸುರಿದು ಹೋಗಿದೆ! ಹೇಳಿಕೊಳ್ಳೋಣವೆಂದರೆ ಮಹಾಲಕ್ಷ್ಮಮ್ಮ ಹಾಲು ಹಾಕಲು ಡೈರಿಗೆ ಹೋಗಿದ್ದಳು. ಎದುರಿನ ಬೀದಿಯಲ್ಲಿ ಮೇಕೆಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಅದನ್ನೂ ಅವನು ನೋಡಿದ. ಬೇಸಿಗೆಯ ನೆಲ, ಅಷ್ಟೂ ಕುಡಿದುಬಿಟ್ಟಿರುತ್ತದೆ ಅಂದುಕೊಂಡ. ಮನಸ್ಸಿಗೆ ಬೇಕಾದಾಗ ಕಣ್ಣು ಎಷ್ಟು ಬೇಗ ಸಾಕ್ಷಿ ತಿರುಚುತ್ತದೆ!

ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ 31 ಎಂದು ಬರೆದು ರುಜು ಹಾಕಿದ. ಕೆಲಸ ಮುಗಿದಿದ್ದರಿಂದ ಡಬ್ಬವನ್ನೂ ಮೇಷ್ಟ್ರಿಗೆ ಒಪ್ಪಿಸಬೇಕಿತ್ತು. ನೀರು ಸಮೇತ ಅದನ್ನು ಹ್ಯಾಂಡಲಿಗೆ ನೆಟ್ಟಗೆ ಬಿಗಿದು, ಚಾಮರಾಜನಗರದ ಕಡೆಗೆ ನಲವತ್ತೈದು ಕಿಲೋಮೀಟರ್ ತುಳಿಯಲು ಹೊರಟ. ಸಂಭ್ರಮದಲ್ಲಿ ಛತ್ರಿ ಜಗಲಿಯ ಮೂಲೆಯಲ್ಲೇ ಉಳಿಯಿತು.

ಸಂತೋಷವಾದವನಿಗೆ ಕಂಡವರೆಲ್ಲ ನೆಂಟರು. ಊರು ದಾಟುತ್ತಲೇ, ಬಸ್ಸು ತಪ್ಪಿಸಿಕೊಂಡು ಬಿಸಿಲಲ್ಲಿ ನಿಂತಿದ್ದ ಚಿಕ್ಕಯ್ಯ ಎಂಬ ಮುದುಕನನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡ. ಗುಂಡ್ಲುಪೇಟೆ ಮುಟ್ಟುವಷ್ಟರಲ್ಲಿ ಮುದುಕನ ಗಂಟಲು ಒಣಗಿತು. ಲೆಕ್ಕ ಹೇಗೂ ಪುಸ್ತಕಕ್ಕೆ ಏರಿದೆಯಲ್ಲ ಎಂದು ಶಿವಸ್ವಾಮಿ ಸೀಸೆಯನ್ನೇ ಕೊಟ್ಟ. ಚಿಕ್ಕಯ್ಯ ಎರಡು ಗುಟುಕು ಕುಡಿದು ಮುಖ ಹಿಂಡಿದ.

"ಬೋರ್ ನೀರು ಕಣ್ಲಾ ಇದು. ಉಪ್ಪುಪ್ಪು."

"ಮಳೆ ನೀರು ಕಣಜ್ಜ. ಆಕಾಶದಿಂದ ನೇರ ಬಿದ್ದಿರೋದು."

"ಆಕಾಸ್ದಲ್ಲೂ ಬೋರ್ ಕೊರ್ಸವ್ರಾ?" ಎಂದು ಉಳಿದದ್ದರಲ್ಲಿ ಕೈಕಾಲು ಮುಖ ತೊಳೆದುಕೊಂಡು ಮುದುಕ ಹೊರಟುಹೋದ.

ಶಿವಸ್ವಾಮಿ ನಕ್ಕು ಮುಂದೆ ಸಾಗಿದ. ಆ ನಗುವನ್ನು ನೆನೆದರೆ ಅವನಿಗೆ ಇವತ್ತಿಗೂ ಮೈ ಉರಿಯುತ್ತದೆ.

ಗುಂಡ್ಲುಪೇಟೆಯಲ್ಲಿ ಉಂಡು ಮಧ್ಯಾಹ್ನದ ಮೇಲೆ ಹೊರಟವನಿಗೆ ತೆರಕಣಾಂಬಿಯ ಹತ್ತಿರ ಬಿಸಿಲು ಇದ್ದಕ್ಕಿದ್ದಂತೆ ಮಂಕಾಯಿತು. ರಸ್ತೆ ಪಕ್ಕದ ಕಣದ ತುಂಬ ಬೇಯಿಸಿದ ಅರಿಸಿನ ಒಣಹಾಕಿತ್ತು. ಗಂಡ ಹೆಂಡತಿ ಇಬ್ಬರೇ ಟಾರ್ಪಾಲನ್ನು ಎಳೆದಾಡುತ್ತಿದ್ದರು. ಗಾಳಿ ಅದನ್ನು ಅವರಿಂದ ಕಿತ್ತುಕೊಳ್ಳುತ್ತಿತ್ತು.

"ಅಣ್ಣೋ, ಆ ಮೂಲೆ ಇಡ್ಕಳಪ್ಪೋ!" ಎಂದು ಹೆಂಗಸು ಕೂಗಿದಳು.

ಶಿವಸ್ವಾಮಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಓಡಿದ. ಅರಿಸಿನ ಬಾಚಿದ, ಗುಡ್ಡೆ ಮಾಡಿದ, ಟಾರ್ಪಾಲಿನ ಒಂದು ಮೂಲೆಗೆ ಕಲ್ಲು ಸಿಗದೆ ತಾನೇ ಕಲ್ಲಾಗಿ ಕುಳಿತ. ಆಗ ಬಂತು ಮಳೆ. ಅಂಥ ಮಳೆಯನ್ನು ನೋಡಲೆಂದೇ ಅವನು ನಾಲ್ಕು ವಾರ ಸೈಕಲ್ ತುಳಿದಿದ್ದ. ಆಲಿಕಲ್ಲು ಅವನ ನೆತ್ತಿಗೆ ಮೊಟಕುತ್ತಿತ್ತು.

"ರಾಚಿ, ಆವಣ್ಣನ ತಲೆ ಮ್ಯಾಲೆ ಮಂಕ್ರಿನಾದ್ರೂ ಮಗಚು," ಎಂದ ಗಂಡ ಪುಟ್ಟಮಾದು.

ಹೀಗೆ ಹವಾಮಾನ ವೀಕ್ಷಕನು ವರ್ಷದ ಮೊದಲ ಬಿರುಮಳೆಯನ್ನು ಮಂಕರಿ ಬುಟ್ಟಿಯೊಳಗೆ ಕುಳಿತು ಕಳೆದ. ಮಳೆ ನಿಂತಾಗ ಹ್ಯಾಂಡಲಿನ ಡಬ್ಬದಲ್ಲಿ ಸೀಸೆ ಕಂಠದವರೆಗೆ ತುಂಬಿತ್ತು. ಅವನ ಬಿಳಿ ಅಂಗಿ, ಪ್ಯಾಂಟು, ಕಿವಿ ಎಲ್ಲ ಅರಿಸಿನ ಶಾಸ್ತ್ರ ಮುಗಿಸಿದ ಮದುವಣಿಗನ ಹಾಗೆ ಹಳದಿಯಾಗಿದ್ದವು. ರಾಚಮ್ಮ ಕಾಫಿ ಕಾಸುತ್ತೇನೆಂದಳು, ಅವನು ಗಡಿಯಾರ ನೋಡಿ ಹೌಹಾರಿದ. ಮೂರೂವರೆ! ಹೊರಟು ಎರಡು ಮೈಲಿಗೆ ಹಿಂದಿನ ಚಕ್ರ ಪಂಚರ್.

ಅಲ್ಲಿಯೇ ಒಂದು ಬಾಳೆಕಾಯಿ ಲಾರಿ ಮೂತಿಯಿಂದ ಹೊಗೆ ಬಿಡುತ್ತ ನಿಂತಿತ್ತು. ಮಲೆಯಾಳಿ ಡ್ರೈವರು ರೇಡಿಯೇಟರಿನ ಮುಂದೆ ನಿಂತು, ಚರಂಡಿಯ ಕೆಮ್ಮಣ್ಣು ನೀರನ್ನು ಅಸಹ್ಯದಿಂದ ನೋಡುತ್ತಿದ್ದ. ಡಬ್ಬ ಕಂಡದ್ದೇ ತಡ, "ಚೇಟ್ಟಾ, ವೆಳ್ಳಂ! ನಲ್ಲ ವೆಳ್ಳಂ ಕೊಡು!" ಎಂದು ಒಳ್ಳೆಯ ನೀರಿಗಾಗಿ ಕೈಚಾಚಿದ.

ಶಿವಸ್ವಾಮಿ ಒಂದು ಕ್ಷಣ ತಡೆದ. ಅಳೆಯಲೇ? ಆದರೆ ಇವತ್ತಿನ ಮಳೆ ನಾಳೆ ಎಂಟೂವರೆಯ ಲೆಕ್ಕ. ನನ್ನ ಪಾಳಿ ಮುಗಿದಿದೆ, ಮೂವತ್ತೊಂದು ಬರೆದಾಗಿದೆ. ಅಷ್ಟೂ ನೀರನ್ನು ರೇಡಿಯೇಟರಿಗೆ ಸುರಿದ. ಉಪಕಾರಕ್ಕೆ ಪ್ರತಿಯಾಗಿ ಡ್ರೈವರು ಸೈಕಲ್ಲನ್ನು ಬಾಳೆಗೊನೆಗಳ ಮೇಲೆ ಎಸೆದು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಐದೂಕಾಲಿಗೆ ಸರಿಯಾಗಿ ರೈಲ್ವೆ ಸ್ಟೇಷನ್ನಿನ ಬಾಗಿಲಲ್ಲಿ ಇಳಿಸಿದ.

ಮೇಷ್ಟ್ರು ಆಗಲೇ ರೈಲಿನ ಕಿಟಕಿ ಪಕ್ಕ ಕುಳಿತಿದ್ದರು. ಹಳದಿ ಶಿವಸ್ವಾಮಿಯನ್ನು ಕಂಡು ಮುಖ ಅರಳಿತು. "ಬಾರಯ್ಯ, ನಿನಗೋಸ್ಕರವೇ ಕಾಯ್ತಿದ್ದೆ." ಕಿಟಕಿಯಿಂದ ಪುಸ್ತಕ ತೆಗೆದುಕೊಂಡು ಕೊನೆಯ ಹಾಳೆ ತೆರೆದರು. ಅರಳಿದ ಮುಖ ಹಾಗೇ ಮಡಚಿಕೊಂಡಿತು.

"ಮೂವತ್ತೊಂದಾ? ನೀನೂನಾ ಶಿವಸ್ವಾಮಿ?"

"ಯಾಕೆ ಸಾರ್?"

"ಹಂಗಳದಲ್ಲಿ ಅರಣ್ಯದವರದೂ ಒಂದು ಮಾಪಕ ಇದೆ ಕಣಯ್ಯ. ಬೆಳಿಗ್ಗೆ ಫೋನ್ ಮಾಡಿ ಕೇಳಿದೆ, ಸೊನ್ನೆ. ಈ ತಿಂಗಳಿಡೀ, ಇವತ್ತು ಮಧ್ಯಾಹ್ನದವರೆಗೂ ನಮ್ಮ ಐದು ಊರಲ್ಲಿ ಎಲ್ಲೂ ಒಂದು ಹನಿ ಬಿದ್ದಿಲ್ಲ. ಆ ನಾಲ್ವರು ಮನೇಲಿ ಕೂತು ಮಳೆ ಬರೆದ್ರು. ಸೊನ್ನೆ ಬರೆಯೋ ಧೈರ್ಯ ನಿನಗೊಬ್ಬನಿಗೇ ಇದ್ದದ್ದು." ಮೇಷ್ಟ್ರು ಜೇಬಿನಿಂದ ಒಂದು ಕಾಗದ ತೆಗೆದು ಕಿಟಕಿಗೆ ಹಿಡಿದರು. ಪುಣೆಗೆ ಶಿಫಾರಸು. ಶಿವಸ್ವಾಮಿಯ ಹೆಸರು ಟೈಪಾಗಿತ್ತು. "ನಿನ್ನೆಯೇ ಮಾಡಿಸಿಟ್ಟಿದ್ದೆ."

"ಸಾರ್, ದೇವರಾಣೆ, ಸೀಸೆಯಲ್ಲಿ ನೀರಿತ್ತು!"

"ಮಗಾ! ಛತ್ರಿ ಬುಟ್ಟುಬುಟ್ ಬಂದಿದ್ದೀಯಲ್ಲಪ್ಪ!"

ಪ್ಲಾಟ್‌ಫಾರಂ ಮೇಲೆ ಮಹಾಲಕ್ಷ್ಮಮ್ಮ ಛತ್ರಿ ಹಿಡಿದು ಏದುಸಿರು ಬಿಡುತ್ತ ಬಂದಳು. ಮುಳುಗುವವನಿಗೆ ದಡ ಕಂಡಂತಾಯಿತು.

"ಈಯಮ್ಮನ ಅಂಗಳದಲ್ಲೇ ಸಾರ್ ಇಟ್ಟಿದ್ದು! ಹೇಳಮ್ಮ, ಬೆಳಿಗ್ಗೆ ಡಬ್ಬದಲ್ಲಿ ನೀರಿತ್ತೋ ಇಲ್ವೋ?"

"ಇಲ್ದೆ ಏನು? ನಾನೇ ಅಲ್ವಾ ಉಯ್ದಿದ್ದು!" ಮಹಾಲಕ್ಷ್ಮಮ್ಮ ಹೆಮ್ಮೆಯಿಂದ ಹೇಳಿದಳು. "ಅಂಗ್ಳಕ್ಕೆ ನೀರಾಕಕ್ ಬಂದೆ ಸ್ವಾಮಿ, ನೋಡುದ್ರೆ ಬರೀ ಡಬ್ಬ. ಮಗ ದೊಡ್ ಕೆಲ್ಸದ್ ಮೇಲೆ ಒಂಟವ್ನೆ, ಬರೀ ಪಾತ್ರೆ ಎದ್ರುಗೆ ಇಟ್ಕಂಡು ಒಂಟ್ರೆ ಕೆಲ್ಸ ಆದಾದಾ? ಅದ್ಕೇ ತುಂಬಿದ್ ಪಾತ್ರೆ ನೋಡ್ಕಂಡ್ ಓಗ್ಲಿ ಅಂತ ಒಂದ್ ಚೊಂಬು ಬೋರ್ ನೀರ್ ಉಯ್ದೆ."

ಮೇಷ್ಟ್ರು ಪುಸ್ತಕ ಮುಚ್ಚಿದರು. "ಸರಿ, ನೀನು ಸುಳ್ಳುಗಾರ ಅಲ್ಲ," ಎಂದರು. "ಆದರೆ ಮಳೆಗೂ ಒಂದು ಚೊಂಬು ಬೋರ್ ನೀರಿಗೂ ವ್ಯತ್ಯಾಸ ತಿಳಿಯದವನನ್ನು ಪುಣೆಗೆ ಹೇಗಯ್ಯ ಕಳಿಸಲಿ? ಹೋಗಲಿ, ಮಧ್ಯಾಹ್ನ ತೆರಕಣಾಂಬೀಲಿ ಭಾರೀ ಮಳೆಯಂತೆ. ಡಬ್ಬ ನಿನ್ನ ಹತ್ರಾನೇ ಇತ್ತಲ್ಲ, ಎಷ್ಟಾಯ್ತು? ಅದನ್ನಾದ್ರೂ ಬರೆದುಕೊಂಡು ಕೇಳಿ ನೋಡ್ತೀನಿ."

ಶಿವಸ್ವಾಮಿ ನೆಲ ನೋಡಿದ. "ಲಾರಿ ರೇಡಿಯೇಟರಿಗೆ ಹಾಕಿಬಿಟ್ಟೆ ಸಾರ್."

ಮೇಷ್ಟ್ರಿಗೆ ತಡೆಯಲಾಗದೆ ನಗು ಬಂತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಇಟ್ಟುಕೊಂಡರು. ರೈಲು ಕೂಗಿ ಹೊರಟಿತು.

ಹಳಿಗಳು ಖಾಲಿಯಾದ ಮೇಲೆ ಶಿವಸ್ವಾಮಿಗೆ ಒಂದೊಂದೇ ಹೊಳೆಯತೊಡಗಿತು. ಲಾರಿಗೆ ನೀರು ಕೊಡದಿದ್ದರೆ ರೈಲು ತಪ್ಪುತ್ತಿತ್ತು. ರೈಲು ತಪ್ಪಿದ್ದರೆ ಪುಸ್ತಕ ತಲುಪುತ್ತಿರಲಿಲ್ಲ. ಪುಸ್ತಕ ತಲುಪದಿದ್ದರೆ ಮೂರು ಸೊನ್ನೆಗಳೇ ಅವನನ್ನು ಪುಣೆಗೆ ಹೊತ್ತೊಯ್ಯುತ್ತಿದ್ದವು. ಜೇಬಿಗೆ ಕೈ ಹಾಕಿದ. ರಜೆಯ ಅರ್ಜಿ ಅರಿಸಿನದ ಮುದ್ದೆಯಾಗಿತ್ತು.

ಮಹಾಲಕ್ಷ್ಮಮ್ಮ ಸೆರಗಿನಿಂದ ಅವನ ಕಿವಿಯ ಹಳದಿ ಒರೆಸಿದಳು. "ಮೇಷ್ಟ್ರು ಅಷ್ಟೊಂದ್ ನಕ್ಕೊಂಡ್ ಓದ್ರು. ಕೆಲ್ಸ ಆಯ್ತು ಅಲ್ವಾ ಮಗ?"

ಶಿವಸ್ವಾಮಿ ಅವಳ ಮುಖ ನೋಡಿದ.

"ಆಯ್ತು ಕಣಮ್ಮ," ಎಂದ.

ಆ ನಾಲ್ಕು ವಾರಗಳಲ್ಲಿ ಅವನು ತಿಳಿದೂ ತಿಳಿದೂ ಕೊಟ್ಟ ಸುಳ್ಳು ವರದಿ ಅದೊಂದೇ.