ಗೆರೆಯಾದ ಮುನ್ನುಡಿ

ಗ್ರಂಥಾಲಯದ ಹೊಸ ಜಾಲತಾಣ ಸಂಜೆ ನಾಲ್ಕಕ್ಕೆ ಶುರುವಾಗಬೇಕಿತ್ತು. ಬೆಳಗ್ಗೆ ಹನ್ನೊಂದಕ್ಕೆ ನೋಡಿದರೆ, ಮೊದಲ ಪುಟದಲ್ಲೇ ಒತ್ತಕ್ಷರಗಳೆಲ್ಲ ಕಿತ್ತುಕೊಂಡು ಬಿದ್ದಿದ್ದವು. ವರ್ಡ್ ಕಡತದಲ್ಲಿ ಗಂಭೀರವಾಗಿ ಕೂತಿದ್ದ ‘ಅಧ್ಯಕ್ಷರ ಮುನ್ನುಡಿ’ ಜಾಲತಾಣಕ್ಕೆ ಏರುತ್ತಲೇ ‘ಅಧಯಕಷರ ಮುನನುಡಿ’ಯಾಗಿ, ಹಲ್ಲು ಉದುರಿದ ಬಾಯಿಯ ಹಾಗೆ ನಗುತ್ತಿತ್ತು.

ಟೈಪಿಸ್ಟ್ ಮಾತ್ರ ಕಂಗೆಡಲಿಲ್ಲ. ಯಾವ ಕೆಲಸ ಹೇಳಿದರೂ “ಆಗತ್ತೆ ಬಿಡಿ” ಎನ್ನುತ್ತಿದ್ದ ಅವನಿಗೆ ಕಚೇರಿಯವರು ಆಗತ್ತಪ್ಪ ಅಂತಲೇ ಹೆಸರಿಟ್ಟಿದ್ದರು.

“ಅಕ್ಷರ ಇದ್ರೆ ತಾನೇ ಒಡೆಯೋದು? ಅಕ್ಷರಾನೇ ಗೆರೆಚಿತ್ರ ಮಾಡ್ಬಿಡ್ತೀನಿ. ಯಾರ ಕಂಪ್ಯೂಟರಲ್ಲಿ ತೆಗೆದ್ರೂ ಹಾಗೇ ಕಾಣತ್ತೆ. ಗೋಡೆಯಷ್ಟು ದೊಡ್ಡದು ಮಾಡಿದ್ರೂ ಅಂಚು ಮಸುಕಾಗಲ್ಲ,” ಎಂದ.

“ಅದರ ಬದಲು ಫೋಟೋ ಹೊಡೆದು ಹಾಕ್ಬಾರದೇನಪ್ಪಾ?” ಎಂದರು ಹಿರಿಯ ಗುಮಾಸ್ತರು. ಕೇಳದಿದ್ದರೂ ಸಲಹೆ ಕೊಡುವುದು ಅವರ ಹುಟ್ಟುಗುಣ. ಆಗತ್ತಪ್ಪ ಅವರತ್ತ ತಿರುಗಿಯೂ ನೋಡಲಿಲ್ಲ. ಊಟ ಬಿಟ್ಟು, ಕುರ್ಚಿ ಬಿಡದೆ, ಜಾಲತಾಣದ ನಲವತ್ತು ಪುಟಗಳನ್ನೂ ಗೆರೆಗಿಳಿಸಿ ಮೂರೂ ಮುಕ್ಕಾಲಿಗೆ ಮೈಮುರಿದ. ಮತ್ತೊಮ್ಮೆ ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ.

ಸಭಾಂಗಣ ತುಂಬಿತ್ತು. ದೊಡ್ಡ ಪರದೆಯ ಮೇಲೆ ಮುನ್ನುಡಿ ಮೂಡಿತು. ಒಂದು ಒತ್ತೂ ಕದಲಿರಲಿಲ್ಲ. ಅಧ್ಯಕ್ಷರ ಮುಖ ಅರಳಿತು. ಚಪ್ಪಾಳೆ ಬಿತ್ತು.

“ದೊಡ್ಡದು ಮಾಡಿ ತೋರ್ಸಪ್ಪಾ, ಎಲ್ಲರೂ ನೋಡ್ಲಿ,” ಎಂದು ಗುಮಾಸ್ತರು ಹುರಿದುಂಬಿಸಿದರು. ಆಗತ್ತಪ್ಪ ದೊಡ್ಡದು ಮಾಡಿದ. “ಆ ಅಂಚಲ್ಲಿ ಇರುವೆ ಥರ ಏನೋ ಇದೆಯಲ್ಲ, ಅದನ್ನ?”

ಅದನ್ನೂ ಮಾಡಿದ. ಇರುವೆ ಬೆಕ್ಕಾಯಿತು, ಬೆಕ್ಕು ಆನೆಯಾಯಿತು. ಎಳ್ಳಷ್ಟೂ ಮಸುಕಾಗದೆ ಪರದೆ ತುಂಬ ನಿಂತಿತು: ‘ಈ ವಾಕ್ಯಕ್ಕೆ ತಲೆ ಇದೆ, ಬಾಲ ಇದೆ. ನಡುವಿನ ಅರ್ಥ ಕಾಣೆಯಾಗಿದೆ. ಸಿಕ್ಕಿದವರು ದಯವಿಟ್ಟು ಕಚೇರಿಗೆ ತಲುಪಿಸಿ.’

ಆಗತ್ತಪ್ಪನ ಜೀವ ಬಾಯಿಗೆ ಬಂತು. ಟೈಪು ಮಾಡುವಾಗ ಬೇಸರ ಕಳೆಯಲೆಂದು ಮುನ್ನುಡಿಯ ಒಂದು ವಾಕ್ಯದ ಪಕ್ಕ ತಾನೇ ಬರೆದು, ತೆರೆಯ ಮೇಲೆ ಕಾಣದಂತೆ ಮರೆಮಾಡಿದ್ದ ಟಿಪ್ಪಣಿ ಅದು. ಅಕ್ಷರಗಳ ಜೊತೆಗೆ ಅದೂ ಗೆರೆಯಾಗಿ ಮೆರವಣಿಗೆ ಹೊರಟಿತ್ತು.

ಆದರೆ ದೇವರು ದೊಡ್ಡವನು. ಅವನು ಟೈಪು ಮಾಡುತ್ತಿದ್ದ ಕಂಪ್ಯೂಟರ್ ಮೊದಲು ಗುಮಾಸ್ತರದ್ದಾಗಿತ್ತು; ಅದರಲ್ಲಿ ಯಾರು ಟಿಪ್ಪಣಿ ಬರೆದರೂ ಅವರ ಹೆಸರೇ ಬೀಳುತ್ತಿತ್ತು. ಟಿಪ್ಪಣಿಯ ನೆತ್ತಿಯ ಮೇಲೆ ‘ಹಿರಿಯ ಗುಮಾಸ್ತರು’ ಎಂದು ಅದಾಗಿಯೇ ಬಿದ್ದಿತ್ತು.

“ನಾನಲ್ಲ ಮೇಡಂ!” ಗುಮಾಸ್ತರು ಎರಡೂ ಕೈ ಆಡಿಸಿದರು.

ಅಧ್ಯಕ್ಷರು ಆಗತ್ತಪ್ಪನ ಕಡೆ ತಿರುಗಿದರು. “ಮತ್ತೆ ನೀವಾ?”

“ಛೆ ಛೆ! ಎಲ್ಲಾದ್ರೂ ಉಂಟಾ ಮೇಡಂ?” ಅವನು ಎದೆ ಮುಟ್ಟಿಕೊಂಡ. “ನಿಮ್ಮ ಮುನ್ನುಡಿ ಟೈಪ್ ಮಾಡ್ತಾ ಮಾಡ್ತಾ ನಂಗೆ ಕಣ್ಣೀರೇ ಬಂತು. ಅಂಥಾ ಮಾತು ಬರೆಯೋಕೆ ನಂಗೆ ಕೈಯಾದ್ರೂ ಬರತ್ತಾ? ಮೇಲೆ ಹೆಸರೇ ಇದೆಯಲ್ಲ!”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು.

“ಮೂವತ್ತು ವರ್ಷದಿಂದ ಬರೀತಿದ್ದೀನಿ. ಎಲ್ಲರೂ ಚಪ್ಪಾಳೆ ತಟ್ತಾರೆ, ಒಬ್ಬರೂ ಓದಿರಲ್ಲ. ಇವತ್ತು ಓದಿದವರು ಒಬ್ಬರು ಸಿಕ್ಕಿದ್ರು. ಆ ವಾಕ್ಯ ನಂಗೂ ಅರ್ಥ ಆಗಿಲ್ಲ,” ಎಂದವರೇ ಗುಮಾಸ್ತರ ಕೈ ಹಿಡಿದರು. “ನಮ್ಮ ಹೊಸ ಪ್ರಕಟಣಾ ವಿಭಾಗಕ್ಕೆ ಇಂಥ ಧೈರ್ಯಸ್ಥರೇ ಬೇಕಿತ್ತು. ನಾಳೆಯಿಂದ ನೀವೇ ಸಂಪಾದಕರು. ಮೇಲಿನ ಮಹಡಿಯ ಗಾಳಿ ಬೆಳಕಿನ ಕೋಣೆ ನಿಮ್ಮದು.”

ಆಗತ್ತಪ್ಪ ಬಾಯಿ ತೆರೆದ. ‘ಬರೆದವನು ನಾನೇ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು, ಅರೆನಿಮಿಷದ ಹಿಂದೆ ಸುರಿಸಿದೆನೆಂದ ಕಣ್ಣೀರಿನಲ್ಲಿ ಜಾರಿ ವಾಪಸು ಹೋಯಿತು.

ಗುಮಾಸ್ತರು ಅಷ್ಟರಲ್ಲಿ ಸಾವರಿಸಿಕೊಂಡು ಗಂಟಲು ಸರಿಮಾಡಿಕೊಂಡಿದ್ದರು. “ಸುಮಾರು ದಿನದಿಂದ ಹೇಳ್ಬೇಕು ಅಂತಿದ್ದೆ ಮೇಡಂ, ಸಂಕೋಚ ಆಗ್ತಿತ್ತು...”

“ಸಂಕೋಚ ಯಾಕೆ? ಇನ್ಮೇಲೆ ಧಾರಾಳವಾಗಿ ಬರೀರಿ,” ಎಂದ ಅಧ್ಯಕ್ಷರು ಆಗತ್ತಪ್ಪನತ್ತ ಅಕ್ಕರೆಯಿಂದ ನೋಡಿದರು. “ಪಾಪ, ಕಣ್ಣೀರು ಬಂತು ಅಂದ್ರಲ್ಲ. ನನ್ನ ಹಳೇ ಮುನ್ನುಡಿಗಳು ಎರಡು ಪೆಟ್ಟಿಗೆ ತುಂಬ ಇವೆ, ಎಲ್ಲಾ ಕೈಬರಹ. ನಿಮ್ಮ ಮನೆಗೇ ಕಳಿಸ್ತೀನಿ. ಟೈಪ್ ಮಾಡಿ, ಗೆರೆಚಿತ್ರಾನೂ ಮಾಡಿ, ಇವರ ಮೇಜಿಗೆ ತಂದಿಡಿ.”