ಹಾಡಿನ ನಡುವೆ ಬಿಟ್ಟ ಜಾಗ

ಮೊಮ್ಮಕ್ಕಳನ್ನು ಬಾಯ್ತುಂಬ ಹೊಗಳಬಾರದು, ದೃಷ್ಟಿಯಾಗುತ್ತದೆ ಎನ್ನುತ್ತಾರೆ. ನನ್ನಿಂದ ಅದೊಂದು ಆಗುವುದಿಲ್ಲ. ನಾನು ಕಲಿತದ್ದು ಮೂರನೆಯ ಇಯತ್ತೆ. ಹೊಗಳುವುದಕ್ಕೆ ಅಷ್ಟು ಸಾಕು. ಅಮೆರಿಕದ ಟೆಕ್ಸಸ್‌ನ ಅಲೆನ್ ಎಂಬ ಊರಿನಲ್ಲಿರುವ ಮಗಳ ಮನೆಗೆ ಚಹಾಕ್ಕೆ ಬಂದವರು ಮೊಮ್ಮಗಳು ಚೈತ್ರಾಳ ಸುದ್ದಿ ಕೇಳದೆ ಎದ್ದು ಹೋದದ್ದಿಲ್ಲ.

ಚೈತ್ರಾ ಆಸ್ಟಿನ್‌ನಲ್ಲಿ ನಾಲ್ಕು ಹುಡುಗರ ಬ್ಯಾಂಡಿನ ಮುಂದೆ ನಿಂತು ಹಾಡುತ್ತಿದ್ದಳು. ಡ್ರಮ್ಮಿನ ಗದ್ದಲದಲ್ಲಿ ಅವಳ ದನಿ ನನಗೆ ಒಮ್ಮೆಯೂ ಕೇಳಿರಲಿಲ್ಲ. ಆದರೂ ಬಹಳ ಚೆನ್ನಾಗಿದೆ ಎಂದು ಎಲ್ಲರಿಗೂ ಹೇಳಿದ್ದೆ. ಒಂದು ದಿನ ಬ್ಯಾಂಡ್ ಬಿಟ್ಟು ಬಂದವಳೇ ಅಡುಗೆಮನೆಯಲ್ಲಿ ನನ್ನೆದುರು ಟೇಪ್ ರೆಕಾರ್ಡರ್ ಇಟ್ಟಳು.

"ಅಜ್ಜಿ, ನಿನ್ನ ಬೀಸೋ ಪದ ಎಲ್ಲಾ ಬೇಕು. ಐಯಾಮ್ ಗೋಯಿಂಗ್ ಸೋಲೋ."

"ಹಂಗಂದ್ರ ಏನ?"

"ಒಬ್ಬಾಕಿನ ಹಾಡೋದವ್ವಾ," ಎಂದು ಮಗಳು ಬಿಡಿಸಿ ಹೇಳಿದಳು. "ಎರಡು ಕಡೆ ಹಾಡಿ ನೋಡ್ತಾಳಂತ. ಜನಾ ಒಪ್ಪಲಿಲ್ಲಂದ್ರ ತಿರುಗಿ ಬ್ಯಾಂಡಿಗೆ."

ನನಗೆ ನಗು ಬಂತು. ಬೀಸುವ ಪದವನ್ನು ಒಬ್ಬಳೇ ಹಾಡುವುದುಂಟೇ? ಬೀಸುಕಲ್ಲಿನ ಗೂಟಕ್ಕೆ ಇಬ್ಬರ ಕೈ. ಒಬ್ಬಳು ಸಾಲು ಬಿಟ್ಟರೆ ಎದುರಿಗೆ ಕೂತವಳು ಎತ್ತಿಕೊಳ್ಳಬೇಕು. ಎತ್ತದಿದ್ದರೆ ತೂಕಡಿಸುತ್ತಿದ್ದಾಳೆಂದೇ ಅರ್ಥ. ನಮ್ಮತ್ತೆಯಂತೂ ಕಾಲಿನಿಂದಲೇ ತಿವಿಯುತ್ತಿದ್ದರು.

ಮೊದಲ ಕಾರ್ಯಕ್ರಮ ಆಸ್ಟಿನ್‌ನ ಒಂದು ಕಾಫಿ ಅಂಗಡಿಯಲ್ಲಿ. ನನಗೆ ಮುಂದಿನ ಕುರ್ಚಿ. ಚೈತ್ರಾ ಮೊದಲ ಸಾಲು ಹಾಡಿ ಕಣ್ಣು ಮುಚ್ಚಿ ನಿಂತಳು. ಅದು ಬೇಕೆಂದೇ ಬಿಟ್ಟ ಮೌನವೆಂದು ನನಗೇನು ಗೊತ್ತು? ಎದುರಿನ ಸಾಲು ಖಾಲಿ ಬಿದ್ದಿತ್ತು, ಎತ್ತಿಕೊಂಡೆ. ಗಟ್ಟಿಯಾಗಿಯೇ ಎತ್ತಿಕೊಂಡೆ.

ಅವಳು ಒಂದು ಕಣ್ಣು ತೆರೆದಳು. "ಅಜ್ಜಿ, ಇಟ್ಸ್ ಸೋಲೋ."

"ನೀ ಹಾಡವಾ, ನಾ ಬರೇ ಎತ್ಕೋತೇನಿ."

ಭಾಷೆ ತಿಳಿಯದ ಜನವೂ ನಕ್ಕು ಚಪ್ಪಾಳೆ ಹೊಡೆಯಿತು. ನಾನು ಕೈ ಮುಗಿದೆ. ಮರಳುವಾಗ ಕಾರಿನಲ್ಲಿ ಚೈತ್ರಾ ಮೆಲ್ಲಗೆ, "ದೇ ಕ್ಲ್ಯಾಪ್ಡ್ ಫಾರ್ ಯು, ಅಜ್ಜಿ. ನನಗಲ್ಲ," ಎಂದಳು. ಇಂಗ್ಲಿಷ್ ಬಾರದ ನನಗೂ ಅದು ಪೂರ್ತಿ ಅರ್ಥವಾಯಿತು.

ಎರಡನೆಯದು ಹ್ಯೂಸ್ಟನ್‌ನಲ್ಲಿ. ನಾನಾಗಿಯೇ ಕಟ್ಟಕಡೆಯ ಕುರ್ಚಿಗೆ ಹೋಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ಅವಳು ಸಾಲು ಬಿಟ್ಟಾಗಲೆಲ್ಲ ಗಂಟಲು ಕೆರೆಯಿತು, ಸೆರಗು ಕಚ್ಚಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, ಎದುರಿನವಳ ಸಾಲನ್ನೂ ತಾನೇ ತಗ್ಗಿದ ದನಿಯಲ್ಲಿ ಎತ್ತಿಕೊಂಡಳು. ಯಾರೂ ಮಿಸುಕಲಿಲ್ಲ. ಮುಗಿದ ಮೇಲೆ ಎದ್ದು ನಿಂತು ಇನ್ನೊಮ್ಮೆ ಹಾಡಿಸಿದರು.

ಮರುದಿನ ಬೆಳಗಿನಿಂದ ಪರಿಚಯದವರಿಗೆಲ್ಲ ಫೋನು ಮಾಡಿ ಹೇಳಿದೆ. ಎಲ್ಲರೂ ಸಂತೋಷಪಟ್ಟರು. ನೀವು ದನಿಗೂಡಿಸದೆ ಅದು ಹೇಗೆ ಹಾಡಿದಳು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳಬಹುದೇನೋ ಎಂದು ಪ್ರತಿಯೊಬ್ಬರ ಬಳಿಯೂ ಸ್ವಲ್ಪ ಹೊತ್ತು ಸುಮ್ಮನೆ ಫೋನು ಹಿಡಿದುಕೊಂಡೇ ಇದ್ದೆ.